ಬರೀ ‘ಹೋಗಿ’ ಅನ್ನಬಾರದು

ಆಗಸ್ಟ್ 4, ಭಾನುವಾರ

ಇಂದು ನನಗೆ ಶಿಕ್ಷೆಯಾಯಿತು. ಮಹಾಪುರುಷರಿಗೆಲ್ಲ ಒಮ್ಮೆಯಾದರೂ ಆಗಿದೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಅಪರಾಧದ ವಿವರ ಹೀಗಿದೆ. ನಿನ್ನೆ ನಮ್ಮ ಚರ್ಚಿನಲ್ಲಿ ಮದುವೆ. ಹಾಡುಗಳ ಸಂಖ್ಯೆ ತೋರಿಸುವ ಮರದ ಹಲಗೆಯಲ್ಲಿ ಯಾರೋ ಎರಡು ಅಂಕಿಗಳನ್ನು ಅದಲು ಬದಲು ಮಾಡಿದ್ದರು. ಸಭೆಯವರು ಪುಸ್ತಕ ತೆರೆದು, ಎದ್ದು ನಿಂತು, ಮಣ್ಣು ಮಾಡುವಾಗ ಹಾಡುವ ಹಾಡನ್ನು ತುಂಬುಭಕ್ತಿಯಿಂದ ಹಾಡಿದರು. ಎರಡನೇ ಚರಣದವರೆಗೆ ಯಾರಿಗೂ ಹೊಳೆಯಲಿಲ್ಲ. ಮದುಮಗನೂ ಹಾಡುತ್ತಿದ್ದ. ಎಲ್ಲರಿಗಿಂತ ಅವನ ದನಿಯಲ್ಲೇ ಹೆಚ್ಚು ಭಾವವಿತ್ತು.

‘ಯಾರೋ’ ಎಂಬ ಪದವನ್ನು ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಒಪ್ಪಲಿಲ್ಲ. ಹಲಗೆಯ ಅಂಚಿನಲ್ಲಿ ಹಸಿರು ಪೇಂಟಿನ ಹೆಬ್ಬೆರಳ ಗುರುತು ಇತ್ತಂತೆ. ಪೇಂಟು ಮೆತ್ತಿದ ಹೆಬ್ಬೆರಳು ಹೊತ್ತು ಚರ್ಚಿಗೆ ಬರುವವರು ಇಬ್ಬರೇ: ಬೋರ್ಡು ಬರೆಯುವ ನಮ್ಮಪ್ಪ, ಅವರ ಕೈಕೆಳಗಿನ ನಾನು. ಅಪ್ಪನ ಮೇಲೆ ಸಂಶಯ ಪಡುವಷ್ಟು ಕೆಟ್ಟವರು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.

ಶಿಕ್ಷೆ: ಇಪ್ಪತ್ತೈದಕ್ಕೆ ಬರುವ ಮಿಷನ್ ಭಾನುವಾರಕ್ಕೆ ಗೇಟಿನ ಮೇಲೆ ಕಟ್ಟುವ ಬ್ಯಾನರ್ ನಾನೇ ಬರೆಯಬೇಕು. ಜೊತೆಗೆ ಆ ದಿನ ಸಭೆಯ ಮುಂದೆ ನಿಂತು ‘ಸುವಾರ್ತಾ ಸೇವೆಗೆ ವೇದದ ಆಧಾರಗಳು’ ಎಂಬ ವಿಷಯದ ಮೇಲೆ ಮಾತಾಡಬೇಕು. ಅಂದರೆ, ಮನೆ ಬಿಟ್ಟು ಹೋಗಿ ಯೇಸುವಿನ ಸುದ್ದಿ ಸಾರಬೇಕೆಂದು ನಮ್ಮ ವೇದವಾದ ಬೈಬಲ್ಲಿನಲ್ಲಿ ಎಲ್ಲೆಲ್ಲಿ ಹೇಳಿದೆ ಎಂದು.

“ಅಯ್ಯನವರೇ, ನಾನು ಪಾಪಿ,” ಎಂದೆ.

“ಅದಕ್ಕೇ ನಿನಗೆ ಹೇಳಿದ್ದು,” ಎಂದರು.

ಆಗಸ್ಟ್ 5, ಸೋಮವಾರ

ಊಟಕ್ಕೆ ಕೂತಿದ್ದಾಗ ಅಕ್ಕ, “ಮಿಷನ್‌ನವರು ಒಪ್ಪಿದಾರೆ. ದ್ವೀಪಗಳಿಗೆ. ಮೂರು ವರ್ಷ,” ಎಂದಳು, ಉಪ್ಪು ಕೊಡು ಎನ್ನುವ ದನಿಯಲ್ಲಿ.

ಅಕ್ಕ ಹಲ್ಲಿನ ಡಾಕ್ಟರು. ಅಪ್ಪ ನೀರಿನ ಲೋಟ ಎತ್ತಿದವರು ಕುಡಿಯದೆ ಇಳಿಸಿದರು. ಅಜ್ಜಿ ಮಾತ್ರ ಕೇಳಿದಳು: “ಅಲ್ಲಿಯವರಿಗೆ ಹಲ್ಲಿಲ್ವೇನೇ?”

“ಹಲ್ಲಿದೆ ಅಜ್ಜಿ. ಡಾಕ್ಟ್ರಿಲ್ಲ.”

“ಇಲ್ಲಿ ಅಜ್ಜಿಗೆ ಡಾಕ್ಟ್ರಿದಾರೆ, ಹಲ್ಲಿಲ್ಲ,” ಎಂದೆ. “ಕೊರತೆ ಎಲ್ಲಾ ಕಡೆ ಇದ್ದದ್ದೇ. ಅದಕ್ಕೆಲ್ಲ ಹಡಗು ಹತ್ತುತ್ತಾ ಕೂತ್ರೆ ಆಗುತ್ತಾ?”

ಅಕ್ಕ ಕೈ ಚಾಚಿ ನನ್ನ ಕಿವಿ ಹಿಂಡಿದಳು. ಅಮ್ಮ ಹೋದಾಗ ನಾನು ಎರಡನೇ ಕ್ಲಾಸು. ಅಂದಿನಿಂದ ಈ ಕಿವಿಯ ಉಸ್ತುವಾರಿ ಅವಳದೇ. ಆ ಹುದ್ದೆ ಖಾಲಿಯಾದರೆ ಮುಂದೇನು ಎಂದು ಮನೆಯಲ್ಲಿ ಯಾರೂ ಯೋಚಿಸಿದಂತೆ ಕಾಣಲಿಲ್ಲ.

ನನಗೇನೂ ಇಲ್ಲ. ಅವಳ ಕೋಣೆಗೆ ಎರಡು ಕಿಟಕಿ, ನನ್ನದಕ್ಕೆ ಒಂದು. ಲಾಭವೇ. ಆದರೆ ಶಿಕ್ಷೆ ಎಂದ ಮೇಲೆ ಶ್ರದ್ಧೆಯಿಂದ ಅನುಭವಿಸಬೇಕಲ್ಲ. ಆಧಾರ ಹುಡುಕು ಎಂದಿದ್ದಾರೆ, ಹುಡುಕುತ್ತೇನೆ. ಹುಡುಕಿ ಹುಡುಕಿ ಆಧಾರವೇ ಇಲ್ಲವೆಂದು ಕಂಡುಬಂದರೆ ಅಕ್ಕ ವೇದಕ್ಕೆ ತಲೆಬಾಗಿ ಮನೆಯಲ್ಲೇ ಉಳಿಯಬೇಕಾದೀತು, ಪಾಪ. ಅದಕ್ಕೆ ನಾನು ಹೊಣೆಯಲ್ಲ.

ಆಗಸ್ಟ್ 8, ಗುರುವಾರ

ಮೊದಲ ಸಂಶೋಧನೆ: ಅಬ್ರಹಾಮ. ನಿನ್ನ ದೇಶ, ನಿನ್ನ ಬಂಧುಗಳು, ನಿನ್ನ ತಂದೆಯ ಮನೆ ಎಲ್ಲವನ್ನೂ ಬಿಟ್ಟು ಹೊರಡು ಎಂದು ದೇವರು ಹೇಳಿದಾಗ ಅವನ ವಯಸ್ಸು ಎಪ್ಪತ್ತೈದು. ಬೆಳಿಗ್ಗೆ ಅಕ್ಕ ಹಲ್ಲುಜ್ಜುತ್ತಿದ್ದಾಗಲೇ ಹೋಗಿ ಈ ಸತ್ಯವನ್ನು ಸಾರಿದೆ. “ವೇದದ ಪ್ರಕಾರ ಹೊರಡೋ ವಯಸ್ಸು ಎಪ್ಪತ್ತೈದು. ನಿನಗಿನ್ನೂ ಮೂವತ್ತೂ ಆಗಿಲ್ಲ. ಆತುರ ಯಾಕೆ? ಇದು ಅವಿಧೇಯತೆ.”

ಅವಳು ಬಾಯಿ ಮುಕ್ಕಳಿಸಿ ಉಗಿದು, “ಅವನು ಹೊರಡುವಾಗ ಅಣ್ಣನ ಮಗನ್ನೂ ಕರ್ಕೊಂಡು ಹೋದ. ಆ ಹುಡುಗನಿಂದ ಅವನಿಗೆ ಜೀವನಪೂರ್ತಿ ತಲೆನೋವು. ಅದಕ್ಕೇ ನಾನು ನಿನ್ನ ಕರ್ಕೊಂಡು ಹೋಗ್ತಿಲ್ಲ,” ಎಂದಳು.

ಕರೆದುಕೊಂಡು ಹೋಗು ಎಂದು ಯಾರು ಕೇಳಿದ್ದರು?

ಆಗಸ್ಟ್ 9, ಶುಕ್ರವಾರ

ಯೋನ ನನ್ನ ಪಕ್ಷದವನು ಎಂದು ನಂಬಿದ್ದೆ. ಅವನಿಗೆ ಒಂದೂರಿಗೆ ಹೋಗೆಂದು ಅಪ್ಪಣೆಯಾದರೆ ತದ್ವಿರುದ್ಧ ದಿಕ್ಕಿನ ಹಡಗು ಹತ್ತಿದ. ಗಂಡಸು! ಆದರೆ ಮೀನು ಅವನನ್ನು ನುಂಗಿ, ಮತ್ತೆ ದಡಕ್ಕೇ ಕಕ್ಕಿತು, ಅವನು ಆ ಊರಿಗೇ ನಡೆದ. ಮೀನುಗಳೂ ಮಿಷನ್‌ನವರ ಕಡೆ.

ಆಗಸ್ಟ್ 11, ಭಾನುವಾರ

ಸಿಕ್ಕಿತು! ದೆವ್ವ ಹಿಡಿದು ಗೋರಿಗಳ ನಡುವೆ ಅಲೆಯುತ್ತಿದ್ದ ಒಬ್ಬನನ್ನು ಯೇಸು ವಾಸಿ ಮಾಡಿದರು. ಅವನು ನಾನೂ ನಿಮ್ಮ ಜೊತೆ ದೋಣಿ ಹತ್ತುತ್ತೇನೆ ಎಂದು ಬೇಡಿಕೊಂಡ. ಬೇಡ, ನೀನು ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದುಬಿಟ್ಟರು. ದೋಣಿ ಬೇಡ, ಮನೆ! ಇದಕ್ಕಿಂತ ಗಟ್ಟಿ ಆಧಾರ ಯಾರಿಗೆ ಬೇಕು?

ಓಡಿಹೋಗಿ ಓದಿ ಹೇಳಿದೆ. ಅಕ್ಕ ಇಕ್ಕಳಗಳನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದಳು.

“ಅವನು ಎಷ್ಟೋ ಕಾಲದಿಂದ ಮನೆ ಬಿಟ್ಟಿದ್ದ, ಮನೇಗೆ ಹೋಗು ಅಂದ್ರು. ನಾನು ಹುಟ್ಟಿದಾಗಿಂದ ಮನೇಲೇ ಇದೀನಿ. ನನಗೆ ಏನಂತಾರೆ ಹೇಳು?”

ವಾದದಲ್ಲಿ ಡಾಕ್ಟರುಗಳನ್ನು ಸೋಲಿಸುವುದು ಕಷ್ಟ. ಎದುರಿನವರು ಬಾಯಿ ತೆರೆದುಕೊಂಡೇ ಇರುವುದು, ಮಾತು ಅವರದೇ ನಡೆಯುವುದು ಅವರಿಗೆ ಅಭ್ಯಾಸ.

ಆಗಸ್ಟ್ 14, ಬುಧವಾರ

ಶಿಷ್ಯರನ್ನು ಊರೂರಿಗೆ ಕಳಿಸುವಾಗ ದಾರಿಗೆ ಚೀಲ ಒಯ್ಯಬೇಡಿ, ಎರಡು ಅಂಗಿ ಬೇಡ ಎಂದು ಅಪ್ಪಣೆಯಾಗಿದೆ. ಅಕ್ಕನ ನೀಲಿ ಟ್ರಂಕು ನೋಡಿದರೆ ಚೀಲಕ್ಕೆ ಅಜ್ಜನಂತಿದೆ. ಅವಳ ಆತ್ಮದ ಹಿತದೃಷ್ಟಿಯಿಂದ ಅದನ್ನು ಅಪ್ಪನ ಅಂಗಡಿಗೆ ಸಾಗಿಸಿ, ಹಳೆ ಬೋರ್ಡುಗಳ ಹಿಂದೆ ಇಟ್ಟು, ಅದರ ಜಾಗದಲ್ಲಿ ಒಂದು ಜೊತೆ ಚಪ್ಪಲಿ, ಒಂದು ಕೋಲು ಇಟ್ಟೆ. ಎರಡಕ್ಕೂ ವೇದದಲ್ಲಿ ಅನುಮತಿ ಇದೆ. ವಿಚಾರಿಸಿಯೇ ಇಟ್ಟಿದ್ದೇನೆ.

ಸಂಜೆ ಕೋಲು ನನ್ನ ಬೆನ್ನನ್ನೇ ಹುಡುಕಿಕೊಂಡು ಬಂತು. ಟ್ರಂಕು ಹೊತ್ತು ತಂದವನೂ ನಾನೇ.

ವಿಚಿತ್ರವೆಂದರೆ, ಟ್ರಂಕಿನ ಮುಚ್ಚಳದ ಮೇಲೆ ಅಕ್ಕನ ಹೆಸರು ಹೊಸದಾಗಿ ಬರೆದಿತ್ತು. ಒತ್ತಕ್ಷರದ ಬಾಲ ನೋಡಿದೊಡನೆ ಗೊತ್ತಾಯಿತು, ಅಪ್ಪನ ಕೈ. ಟ್ರಂಕು ಅಂಗಡಿಯಲ್ಲಿ ಅವಿತಿದ್ದಾಗ ಬರೆದದ್ದು. ಅದು ಅಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಆದರೂ ನನ್ನನ್ನು ಹಿಡಿದುಕೊಡಲಿಲ್ಲ. ಈ ಮನುಷ್ಯ ಯಾರ ಕಡೆಯವರೋ ತಿಳಿಯದು.

ಆಗಸ್ಟ್ 16, ಶುಕ್ರವಾರ

ಬ್ಯಾನರ್‌ನಲ್ಲಿ ಬರೆಯಬೇಕಾದ ವಾಕ್ಯಕ್ಕಾಗಿ ಅಯ್ಯನವರ ಮನೆಗೆ ಹೋಗಿದ್ದೆ. ಯೇಸು ಕೊನೆಯದಾಗಿ ಶಿಷ್ಯರಿಗೆ ಹೇಳಿದ್ದಂತೆ: ಹೋಗಿ, ಎಲ್ಲ ಜನರನ್ನು ಶಿಷ್ಯರನ್ನಾಗಿ ಮಾಡಿ, ಸದಾ ನಾನು ನಿಮ್ಮ ಜೊತೆ ಇದ್ದೇನೆ ಎಂದು.

“ಹೋಗಿ ಅಂತ ಸ್ಪಷ್ಟವಾಗಿ ಆಜ್ಞೆ ಇದೆಯಲ್ಲ,” ಎಂದು ನಾನು ಸೋತ ಸೇನಾಪತಿಯ ಗಾಂಭೀರ್ಯದಿಂದ ಹೇಳಿದೆ.

ಅಯ್ಯನವರು ಕನ್ನಡಕ ತೆಗೆದರು. “ಇಲ್ಲ ಕಣೋ. ಅದು ಆಜ್ಞೆ ಅಲ್ಲ.”

ನನ್ನ ಕಿವಿ ನೆಟ್ಟಗಾಯಿತು.

“ಮೂಲ ಗ್ರೀಕಿನಲ್ಲಿ ಆಜ್ಞೆ ಇರೋದು ‘ಶಿಷ್ಯರನ್ನಾಗಿ ಮಾಡಿ’ ಅನ್ನೋದರಲ್ಲಿ. ಈ ‘ಹೋಗಿ’ ಇದೆಯಲ್ಲ, ಇದು ‘ಅಂಗಡಿಗೆ ಹೋಗಿ ಪೇಂಟು ತಂದ’ ಅಂತೀವಲ್ಲ, ಆ ‘ಹೋಗಿ’. ನಮ್ಮ ಭಾಷೇಲಿ ಎರಡೂ ಒಂದೇ ಥರ ಕೇಳ್ಸುತ್ತೆ, ಅದಕ್ಕೇ ಗೊತ್ತಾಗಲ್ಲ.”

“ಹಾಗಾದ್ರೆ ಹೋಗಲೇಬೇಕು ಅಂತ ಇಲ್ಲ!”

“ಉಲ್ಟಾ. ಹೋಗೇ ಹೋಗ್ತಾರೆ, ಅದನ್ನ ಹೇಳೋದೇ ಬೇಡ ಅಂತ ಇಟ್ಕೊಂಡು ಮಾತಾಡ್ತಿದಾರೆ. ಆ ‘ಹೋಗಿ’ ಒಂದೇ ನಿಲ್ಲಲ್ಲ. ಮುಂದೆ ಇನ್ನೊಂದು ಕ್ರಿಯಾಪದ ಬೇಕು. ಹೋಗಿ… ಏನು? ಅದು ಮುಖ್ಯ.”

ಆಜ್ಞೆಯಾಗಿದ್ದರೆ ಮೀರಬಹುದಿತ್ತು. ವ್ಯಾಕರಣವನ್ನು ಮೀರುವುದು ಹೇಗೆ?

ಆಗಸ್ಟ್ 20, ಮಂಗಳವಾರ

ಬ್ಯಾನರ್ ಸಿದ್ಧ. ಹಸಿರು ಬಟ್ಟೆ, ಬಿಳಿ ಅಕ್ಷರ. ಮೇಲೆ ‘ಹೋಗಿ’ ಮಾತ್ರ, ಆಳೆತ್ತರ. ಮಿಕ್ಕಿದ್ದೆಲ್ಲ ಕೆಳಗೆ, ಇರುವೆ ಸಾಲಿನ ಗಾತ್ರದಲ್ಲಿ. ಕಲೆಯಲ್ಲಿ ಒತ್ತು ಮುಖ್ಯ. ಗೇಟಿನಿಂದ ಒಳಗೆ ಬರುವ ಪ್ರತಿಯೊಬ್ಬರಿಗೂ ಚರ್ಚೇ ‘ಹೋಗಿ’ ಎನ್ನುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ ಎಂದು ಬರೆದರೆ ಈ ಪುಟ ನಗುತ್ತದೆ.

ಅಜ್ಜಿ ಬಂದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

“ಏನೋ ಇದು? ಹೊರಟೋರಿಗೆ ಬರೀ ‘ಹೋಗಿ’ ಅಂತಾರೇನೋ ಯಾರಾದ್ರೂ? ‘ಹೋಗಿ ಬನ್ನಿ’ ಅನ್ನಬೇಕು. ಬರೀ ‘ಹೋಗಿ’ ಅಂದ್ರೆ ಅದು ಓಡಿಸಿದ ಹಾಗೆ.”

“ಅಜ್ಜಿ, ಇದು ವೇದವಾಕ್ಯ.”

“ಇರಲಿ. ಬರೆಯೋನಿಗೆ ಬುದ್ಧಿ ಬೇಡ್ವಾ? ಒಂದು ‘ಬನ್ನಿ’ ಸೇರಿಸು.”

“ಜಾಗ ಇಲ್ಲ.”

“‘ನಾನು ನಿಮ್ಮ ಜೊತೆ ಇದ್ದೇನೆ’ ಅನ್ನೋದನ್ನ ಇಷ್ಟು ಸಣ್ಣಕ್ಕೆ ಬರ್ದಿದೀಯ. ಬೇಕಾಗಿರೋದೇ ಅದು, ಅದಕ್ಕೆ ಜಾಗ ಇಲ್ಲ. ಹೋಗು ಅನ್ನೋಕೆ ಮೈದಾನ!” ಎಂದು ಬೈದುಕೊಂಡು ಹೋದಳು.

ಅಕ್ಕ ಇಂದು ಕ್ಲಿನಿಕ್ಕಿನ ಬಾಗಿಲು ಹಾಕಿದಳು. ಅಪ್ಪ ಅವಳ ಬೋರ್ಡನ್ನು ಇಳಿಸಿ ಅಂಗಡಿಗೆ ತಂದರು. ಉಜ್ಜಿ ಬೇರೆ ಯಾರದೋ ಅಂಗಡಿಗೆ ಬರೆಯುತ್ತಾರೆ ಎಂದುಕೊಂಡೆ. ನೋಡಿದರೆ ಮಾಸಿದ ಅಕ್ಷರಗಳ ಮೇಲೆಯೇ ಹೊಸ ಬಣ್ಣ ತೀಡುತ್ತಿದ್ದಾರೆ.

“ಮುಚ್ಚಿದ ಕ್ಲಿನಿಕ್ಕಿಗೆ ಯಾಕಪ್ಪ ಪೇಂಟು ದಂಡ ಮಾಡ್ತೀರ?”

“ಬರ್ತಾಳಲ್ಲ. ಆಗ ಮಾಸಿರಬಾರದು.”

ಅಷ್ಟೇ ಮಾತು. ಟರ್ಪೆಂಟೈನ್ ಘಾಟಿಗೆ ನನ್ನ ಕಣ್ಣು ಉರಿಯಿತು. ಹುಟ್ಟಿದಾಗಿನಿಂದ ಅಭ್ಯಾಸವಿರುವ ಘಾಟು, ಇವತ್ತೇ ಯಾಕೋ.

ಆಗಸ್ಟ್ 23, ಶುಕ್ರವಾರ

ಭಾಷಣ ಬರೆದಿದ್ದೇನೆ. ಗೆದ್ದ ವಾದಗಳೂ ಸೋತ ವಾದಗಳೂ ಎಲ್ಲ ಇವೆ. ಒಂದು ಸಾಲು ಮಾತ್ರ ಗಂಟಲಲ್ಲಿ ಮುಳ್ಳಾಗಿದೆ. ಊರೂರು ಸುತ್ತಿ ಸಾರಿದ ಪೌಲ ವೇದದಲ್ಲಿ ಕೇಳುತ್ತಾನೆ: ಸಾರುವವನಿಲ್ಲದೆ ಕೇಳುವುದು ಹೇಗೆ, ಕಳುಹಿಸದೆ ಇದ್ದರೆ ಸಾರಹೋಗುವುದು ಹೇಗೆ. ಸಾರುವವರು ಯಾರೆಂದು ಗೊತ್ತು. ಈ ಕಳುಹಿಸುವವರು ಯಾರು? ಮಿಷನ್ ಕಚೇರಿಯವರೇ ಇರಬೇಕು. ಅವರ ಬಳಿ ರಬ್ಬರ್ ಸ್ಟಾಂಪು ಇದೆ.

ಅಂದ ಹಾಗೆ ಭಾನುವಾರ ಮಿಷನ್ನಿನ ಕಾರ್ಯದರ್ಶಿಗಳು ಕಾರಿನಲ್ಲಿ ಬಂದು, ಅಕ್ಕನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿಕೊಡುತ್ತಾರಂತೆ. ಅದು ಆಗದೆ ಅವಳು ಹೊರಡುವಂತಿಲ್ಲ. ದ್ವೀಪಕ್ಕೆ ಹಡಗು ಅಪರೂಪ. ಇದು ತಪ್ಪಿದರೆ ಆ ಜಾಗಕ್ಕೆ ಬೇರೆ ಊರಿನ ಇನ್ನೊಬ್ಬ ಡಾಕ್ಟರು ಕಾದಿದ್ದಾರೆ.

ಇದನ್ನು ಯಾಕೆ ಬರೆದುಕೊಂಡೆನೋ. ಸುಮ್ಮನೆ.

ಆಗಸ್ಟ್ 25, ಭಾನುವಾರ

ಉದ್ದ ಬರೆಯಬೇಕು. ಕಾಲುಗಳು ನೋಯುತ್ತಿವೆ, ಕೈ ಮಾತ್ರ ಸರಿಯಾಗಿದೆ.

ಬೆಳಿಗ್ಗೆ ಬ್ಯಾನರ್ ಕಟ್ಟಿದೆ. ಜನ ಬಂದರು, ತಲೆಯೆತ್ತಿ ಓದಿದರು, ನಿಂತರು. ಗಾಯನ ವೃಂದದ ಹಿರಿಯರೊಬ್ಬರು, ಅವರನ್ನು ನಾವು ‘ಗಂಟಲು’ ಎಂದು ಕರೆಯುತ್ತೇವೆ, ಕೆಳಗಿನಿಂದಲೇ ಕೂಗಿದರು: “ಏನಪ್ಪಾ, ಬಂದಿದ್ದು ತಪ್ಪಾಯ್ತಾ?” ಹೊಸದಾಗಿ ಬಂದಿದ್ದ ದಂಪತಿಗಳು ನಿಜವಾಗಿಯೂ ತಿರುಗಿ ಹೊರಟಿದ್ದರು. ಗಂಟಲೇ ಅವರನ್ನು ಕೈಹಿಡಿದು ಒಳಗೆ ಕರೆದೊಯ್ದರು. ನಾನು ಗೇಟಿನ ಪಕ್ಕ ಮುಖ ಗಂಭೀರ ಮಾಡಿಕೊಂಡು ನಿಂತು ಸುಖಪಟ್ಟೆ.

ಆಗ ಕಾರು ಬಂತು. ನಮ್ಮ ಗೇಟಿರುವುದು ರಸ್ತೆ ಕವಲೊಡೆಯುವ ಕಡೆ. ಕಾರು ನಿಧಾನವಾಯಿತು. ಡ್ರೈವರು ತಲೆ ಹೊರಹಾಕಿ ಮೇಲೆ ನೋಡಿದ. ಹಸಿರು ಹಿನ್ನೆಲೆ, ಬಿಳಿ ಅಕ್ಷರ, ‘ಹೋಗಿ’. ರಸ್ತೆ ಫಲಕವೆಂದು ತಿಳಿದು, ಕಾನೂನಿಗೆ ತಲೆಬಾಗುವ ಪ್ರಜೆಯಂತೆ ಗೇರು ಬದಲಿಸಿ ಹೋಗಿಯೇಬಿಟ್ಟ. ಹಿಂದಿನ ಸೀಟಿನಲ್ಲಿ ಕಾರ್ಯದರ್ಶಿಗಳು ಕಣ್ಣು ಮುಚ್ಚಿ ಒರಗಿದ್ದರು, ಪ್ರಾರ್ಥನೆಯೋ ನಿದ್ದೆಯೋ.

ಇದನ್ನು ಕಂಡವನು ನಾನೊಬ್ಬನೇ. ವೇದವೆಲ್ಲ ತಡಕಿದರೂ ಸಿಗದ ಜಯ ಒಂದು ಬಟ್ಟೆ ತುಂಡಿನಿಂದ ಸಿಕ್ಕಿತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಬಾಗಿಲಿನಿಂದ ಒಳಗೆ ನೋಡಿದೆ. ಅಕ್ಕ ಮುಂದಿನ ಬೆಂಚಿನಲ್ಲಿ ಕೂತು ಅಂಗೈಗಳನ್ನು ಕರ್ಚೀಫಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿ, ತೆರೆದು ನೋಡಿ, ಮತ್ತೆ ಒರೆಸಿ. ಚೀರುವವರ ಬಾಯಿಗೆ ನಗುನಗುತ್ತಾ ಇಕ್ಕಳ ಹಾಕುವವಳ ಕೈ ಬೆವರುವುದನ್ನು ನಾನು ಕಂಡೇ ಇರಲಿಲ್ಲ.

ಆಮೇಲೆ ನೋಡಿದರೆ ಗಂಟಲಿನವರ ಸೈಕಲ್ಲು ನನ್ನ ಕೆಳಗಿತ್ತು. ಹೇಗೆ ಬಂತೋ ತಿಳಿಯದು. ಇಳಿಜಾರಿನಲ್ಲಿ ಚೈನು ಕಳಚಿತು, ಕೈಯಿಂದ ಹಾಕಿಕೊಂಡು ಮತ್ತೆ ತುಳಿದೆ. ರೈಲ್ವೆ ಗೇಟು ಹಾಕಿತ್ತು. ಇಂಥ ಗೇಟುಗಳಿಗಾಗಿ ದೇವರಿಗೆ ಸ್ತೋತ್ರ. ಕಾರಿನ ಗಾಜು ತಟ್ಟಿದೆ.

ಕಾರ್ಯದರ್ಶಿಗಳು ಗಾಜು ಇಳಿಸಿ, “ಯಾರಪ್ಪಾ ನೀನು? ಯಾರು ಕಳಿಸಿದ್ದು?” ಎಂದರು.

ಯಾರೂ ಕಳಿಸಿರಲಿಲ್ಲ. ಬಾಯಿ ಮಾತ್ರ, “ಚರ್ಚಿನಿಂದ ಸಾರ್,” ಎಂದಿತು.

“ಮತ್ತೆ ಅಲ್ಲಿ ‘ಹೋಗಿ’ ಅಂತ ಹಾಕಿತ್ತಲ್ಲ ಸಾರ್?” ಎಂದ ಡ್ರೈವರು. “ಹೋಗೋದೇ ಅಲ್ವಾ?”

“ಹೋಗಬಾರದಿತ್ತು. ಬರಬೇಕಿತ್ತು. ಬರೆದೋನಿಗೆ ಬುದ್ಧಿ ಇಲ್ಲ,” ಎಂದೆ. ಇದು ಅಜ್ಜಿಯ ಮಾತು, ಅವಸರಕ್ಕೆ ಅದೇ ಸಿಕ್ಕಿತು.

ಸಭೆಯ ಮುಂದೆ ನಿಂತಾಗ ನನ್ನ ಭಾಷಣ ಜೇಬಿನಲ್ಲಿ ಬೆವರಿಗೆ ಕರಗಿ ಅಂಟಾಗಿತ್ತು. ನೆನಪಿದ್ದಷ್ಟು ಹೇಳಿದೆ. ಅಬ್ರಹಾಮ ಹೋದ. ಯೋನ ಹೋಗಲ್ಲ ಎಂದರೂ ಹೋದ. ಶಿಷ್ಯರು ಕೋಲು ಹಿಡಿದು ಹೋದರು. “ಹೋದವರ ಬಗ್ಗೆ ವೇದದಲ್ಲಿ ಬೇಕಾದಷ್ಟಿದೆ. ಮನೇಲಿ ಉಳಿದವರ ಬಗ್ಗೆ ಕಡಿಮೆ. ಯೋನನ ತಮ್ಮ ಏನು ಮಾಡ್ತಿದ್ದ ಅಂತ ಎಲ್ಲೂ ಬರೆದಿಲ್ಲ.” ಜನ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಕೊನೆಗೆ ಅಂತಿಯೋಕ್ಯದ ಸಭೆಯವರು ನೆನಪಾದರು. ಪೌಲ, ಬಾರ್ನಬರ ಮೇಲೆ ಕೈಯಿಟ್ಟು ಕಳಿಸಿಕೊಟ್ಟವರು. “ಅವರೇನೂ ಹಡಗು ಹತ್ತಲಿಲ್ಲ. ಕಳಿಸಿಕೊಟ್ಟರು, ಅಷ್ಟೇ ಅವರ ಕೆಲಸ. ಅಷ್ಟು ಮಾಡೋಕೂ ಅವರು ಮೊದಲು ಉಪವಾಸ ಇದ್ದು ಪ್ರಾರ್ಥನೆ ಮಾಡಬೇಕಾಯ್ತು. ಸುಲಭ ಇರಲಿಲ್ಲ ಅನ್ಸುತ್ತೆ.”

ಇನ್ನೇನೂ ಹೊಳೆಯದೆ ಇಳಿದುಬಂದೆ. ಈ ಸಲ ಯಾರೂ ನಗಲಿಲ್ಲ. ಭಾಷಣ ನೆಲಕಚ್ಚಿತು ಎಂದೇ ಲೆಕ್ಕ.

ಕಾರ್ಯದರ್ಶಿಗಳು ಮನೆಯವರನ್ನೂ ಮುಂದೆ ಕರೆದರು. ಅಪ್ಪ, ಅಜ್ಜಿ, ನಾನು, ಎಲ್ಲರೂ ಅಕ್ಕನ ತಲೆಯ ಮೇಲೆ ಕೈಯಿಟ್ಟೆವು. ನನ್ನ ಕೈ ತುಂಬ ಚೈನಿನ ಗ್ರೀಸು. ಸಂಜೆ ಕನ್ನಡಿ ನೋಡಿಕೊಂಡು ಅವಳು ಅರಚಿದ್ದು ಬೀದಿಗೆಲ್ಲ ಕೇಳಿತು. ಬೈತಲೆಯ ಪಕ್ಕದಲ್ಲಿ ಕಪ್ಪು ಹೆಬ್ಬೆರಳು, ಅಚ್ಚೊತ್ತಿದಂತೆ.

ಗಂಟಲಿನವರು ಸೈಕಲ್ಲು ಕದ್ದದ್ದಕ್ಕೆ ದೂರು ಕೊಟ್ಟಿದ್ದಾರೆ.

ಆಗಸ್ಟ್ 27, ಮಂಗಳವಾರ

ಹೊಸ ಶಿಕ್ಷೆ. ಬ್ಯಾನರ್‌ಗೆ ಹಿಂಬದಿಯೂ ಬರೆಯಬೇಕು. ಹೊರಗಿನಿಂದ ಬರುವವರಿಗೆ ‘ಬನ್ನಿ’, ಆರಾಧನೆ ಮುಗಿಸಿ ಹೊರಡುವವರಿಗೆ ‘ಹೋಗಿ’. ದಣಿದವರೆಲ್ಲ ನನ್ನ ಹತ್ತಿರ ಬನ್ನಿ ಎಂದೂ ಅದೇ ಯೇಸು ಹೇಳಿದ್ದಾರಂತೆ, ಎರಡೂ ಸೇರಿದರೇ ಪೂರ್ತಿ ಎಂದು ಅಯ್ಯನವರ ವಾದ.

“ನಾನು ಅವತ್ತೇ ಹೇಳಿದ್ದೆ,” ಎಂದಳು ಅಜ್ಜಿ, ವೇದವನ್ನು ತಿದ್ದಿದವಳ ಹಮ್ಮಿನಿಂದ.

ಜೊತೆ ಇದ್ದೇನೆ ಎಂಬ ಸಾಲನ್ನು ಈ ಸಲ ದಪ್ಪ ಬ್ರಷ್ಷಿನಲ್ಲಿ ಬರೆದೆ. ಬಟ್ಟೆ ಉಳಿದಿತ್ತು, ಅದಕ್ಕೆ.

ಸೆಪ್ಟೆಂಬರ್ 1, ಭಾನುವಾರ

ಟ್ರಂಕಿನ ಬೀಗ ಸರಿಯಿಲ್ಲದ್ದು ಕಂಡು ರಿಪೇರಿ ಮಾಡಿಸಿಕೊಂಡು ಬಂದೆ. ಏನೋ ಕೆಲಸವಿಲ್ಲದೆ.

ಸೆಪ್ಟೆಂಬರ್ 3, ಮಂಗಳವಾರ

ಬಂದರಿಗೆ ಹೋಗುವ ಬಸ್ಸು. ಅಪ್ಪ, ಅಜ್ಜಿ ಮನೆಯ ಬಾಗಿಲಲ್ಲೇ ಹೋಗಿ ಬಾ ಎಂದರು. ಬಸ್ ನಿಲ್ದಾಣಕ್ಕೆ ಟ್ರಂಕು ಹೊತ್ತುಕೊಂಡು ಬಂದವನು ನಾನು. ಅದರೊಳಗೆ ಕಲ್ಲು ತುಂಬಿದ್ದೇನೆ ಎಂದು ಸುಳ್ಳು ಹೇಳಿದೆ. ಅವಳು ನಂಬಿ, ತೆಗೆಸಿ, ನೋಡಿಯೇ ಹತ್ತಿದಳು. ನನ್ನ ಹೆಸರಿಗೆ ಇನ್ನೂ ತೂಕವಿದೆ ಎಂದು ಸಂತೋಷವಾಯಿತು.

ಕಿಟಕಿಯಲ್ಲಿ ಕೂತು ಕೈ ಹೊರಚಾಚಿ ಕಿವಿ ಹಿಂಡಿದಳು. ಹಿಂಡಿದ ಕೈಯನ್ನು ಬೇಗ ತೆಗೆಯಲಿಲ್ಲ. ಅವಳಿಗೆ ಹೇಳಬೇಕಾದ ದೊಡ್ಡ ಮಾತುಗಳನ್ನು ಯೋಚಿಸಿಟ್ಟಿದ್ದೆ, ಅಂತಿಯೋಕ್ಯದವರ ಘನತೆಯಿಂದ. ಬಾಯಿ ತೆರೆದರೆ ಬಂದದ್ದು ಒಂದೇ ಪದ.

“ಹೋಗಿ…”

ಅಕ್ಕ ಹುಬ್ಬೇರಿಸಿದಳು. “ಅಬ್ಬಾ! ನನಗೆ ಬಹುವಚನಾನಾ? ಯಾವಾಗಿಂದಪ್ಪ ಈ ಮರ್ಯಾದೆ?”

“ಮರ್ಯಾದೆ ಏನೂ ಅಲ್ಲ,” ಎಂದೆ. “ವಾಕ್ಯ ಇನ್ನೂ ಮುಗಿದಿಲ್ಲ.”

“ಮುಗಿಸು ಮತ್ತೆ.”

ಅಷ್ಟರಲ್ಲಿ ಕಂಡಕ್ಟರು ಶಿಳ್ಳೆ ಹೊಡೆದ. ಬಸ್ಸು ಹೊರಟು, ತಿರುವಿನಲ್ಲಿ ಬಾಲ ಎಳೆದುಕೊಂಡು ಮಾಯವಾಗುತ್ತಿತ್ತು. ಆಗ ಆ ಇನ್ನೊಂದು ಕ್ರಿಯಾಪದ ಹೊರಗೆ ಬಂತು, ನಿಲ್ದಾಣವೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

“ಬಾ!”

ಕಂಬದ ಪಕ್ಕ ಕೂತಿದ್ದ ಒಬ್ಬ ಹಮಾಲ ತಲೆಯ ಸಿಂಬಿ ಸರಿಮಾಡಿಕೊಂಡು ಓಡಿಬಂದ.

“ಕರೆದ್ರಾ?”

“ಹೂಂ,” ಎಂದೆ.

“ಸಾಮಾನೆಲ್ಲಿ?”

“ಹೋಯ್ತು.”

ಅವನು ಒಂದು ಕ್ಷಣ ನನ್ನನ್ನೂ ರಸ್ತೆಯನ್ನೂ ನೋಡಿದ. “ಬರುತ್ತೆ ಬಿಡಿ, ವಾಪಸ್ ಬಸ್ಸಿದೆ,” ಎಂದು ಹೇಳಿ ಹೋಗಿ ಕಂಬಕ್ಕೆ ಒರಗಿಕೊಂಡ.